ಸುನ್ನತಿ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ: ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ತಡ ಮಾಡಬಾರದು

ಶಾಲೆಗೆ ರಜೆ ಇರುತ್ತದೆ ಎಂಬ ಕಾರಣಕ್ಕೆ ವಿಜಯಪುರದ ಕಡೆಯ ಅನೇಕ ಕುಟುಂಬಗಳು ಮಕ್ಕಳ ಖತ್ನಾವನ್ನು, ಅಂದರೆ ಶಿಶ್ನದ ತುದಿಯ ಮುಂದೊಗಲನ್ನು ಕತ್ತರಿಸಿ ತೆಗೆಯುವ ಸುನ್ನತಿಯನ್ನು, ಬೇಸಿಗೆಯಲ್ಲಿ ಮಾಡಿಸುತ್ತವೆ. ಧರ್ಮದ ಕಾರಣವಿಲ್ಲದೆ, ಮುಂದೊಗಲು ಬಿಗಿದುಕೊಂಡು ಹಿಂದೆ ಸರಿಯದ ಫೈಮೋಸಿಸ್ ತೊಂದರೆಗಾಗಿ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಹುಡುಗರೂ ಇದ್ದಾರೆ, ಸಕ್ಕರೆ ಕಾಯಿಲೆಯಿಂದ ಅಲ್ಲಿ ಮತ್ತೆ ಮತ್ತೆ ಸೋಂಕಾಗಿ ಚರ್ಮ ಬಿರುಕು ಬಿಟ್ಟ ನಡುವಯಸ್ಸಿನ ಗಂಡಸರೂ ಇದ್ದಾರೆ. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದು ತಾಸಿನೊಳಗೆ ಮುಗಿದು, ಬಹುತೇಕರು ಅದೇ ದಿನ ಮನೆಗೆ ಮರಳುವುದರಿಂದ ಮುಂದಿನ ಆರೈಕೆಯೆಲ್ಲ ಮನೆಯವರ ಪಾಲಿಗೆ ಬರುತ್ತದೆ. ಈ ಹಂತದಲ್ಲಿ ನಿರುಪದ್ರವಿ ಲಕ್ಷಣಗಳನ್ನು ಕಂಡು ಗಾಬರಿಪಡುವವರು ಹೆಚ್ಚು; ನಿಜವಾದ ಅಪಾಯದ ಲಕ್ಷಣವನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವವರೂ ಕಡಿಮೆಯೇನಿಲ್ಲ.

ಆಸ್ಪತ್ರೆಗೆ ಹೋದಾಗಲೇ

ಮನೆಯಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ತೊಂದರೆ ಇದ್ದರೆ, ರೋಗಿಯು ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ, ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಬೇಕು. ಮಗುವಿನ ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿ ಇರುವಂತೆ ಕಂಡರೆ ಸುನ್ನತಿ ಮಾಡಿಸಲೇಬಾರದು, ಏಕೆಂದರೆ ಆ ದೋಷವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಮುಂದೊಗಲಿನ ಚರ್ಮವೇ ಬೇಕಾಗುತ್ತದೆ. ಹೊಲಿಗೆ ಹಾಕಿದ್ದಾರೆಯೇ, ಸ್ಟೇಪ್ಲರ್ ಬಳಸಿದ್ದಾರೆಯೇ, ಪ್ಲಾಸ್ಟಿಕ್ ರಿಂಗ್ ಕಟ್ಟಿದ್ದಾರೆಯೇ ಎಂಬುದನ್ನು ಮನೆಗೆ ಹೊರಡುವ ಮೊದಲು ಕೇಳಿ ಬರೆಸಿಕೊಳ್ಳಿ. ಕರಗುವ ಹೊಲಿಗೆಗಳು ಸುಮಾರು ಎರಡು ಮೂರು ವಾರಗಳಲ್ಲಿ ತಾವಾಗಿ ಉದುರುತ್ತವೆ. ರಿಂಗ್ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಕಳಚುತ್ತದೆ. ಅದಕ್ಕಿಂತ ತಡವಾದರೆ ಅಥವಾ ಅದು ಹಿಂದಕ್ಕೆ ಜಾರಿ ಬಿಗಿದುಕೊಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಪಿನ್ನುಗಳನ್ನಾಗಲಿ ರಿಂಗನ್ನಾಗಲಿ ಮನೆಯಲ್ಲಿ ಎಳೆದು ತೆಗೆಯಬಾರದು.

ಮೊದಲ ರಾತ್ರಿ

ಮರಗಟ್ಟಿಸುವ ಚುಚ್ಚುಮದ್ದಿನ ಪರಿಣಾಮ ಕೆಲವು ತಾಸುಗಳಲ್ಲಿ ಇಳಿಯುತ್ತದೆ. ಆದ್ದರಿಂದ ನೋವು ಜೋರಾಗುವವರೆಗೆ ಕಾಯದೆ ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಅನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಒಳ್ಳೆಯದು. ಮಕ್ಕಳಿಗೆ ಇದರ ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕುತ್ತಾರೆ: ಒಂದು ಕಿಲೋಗೆ ಸುಮಾರು 15 ಮಿಲಿಗ್ರಾಂ, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಅಂದರೆ 20 ಕಿಲೋ ತೂಕದ ಹುಡುಗನಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ. ಔಷಧ ಅಂಗಡಿಯಲ್ಲಿ 5 ಮಿಲಿಲೀಟರ್‌ಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಚಮಚದ ಲೆಕ್ಕದಲ್ಲಿ ಕೊಟ್ಟರೆ ಔಷಧದ ಪ್ರಮಾಣ ದುಪ್ಪಟ್ಟಾಗಬಹುದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಮೊದಲ ಒಂದೆರಡು ಸಲ ಮೂತ್ರ ಮಾಡುವಾಗ ಉರಿಯಾಗುವುದು ಸಹಜ. ಉರಿಗೆ ಹೆದರಿ ಮಗು ಮೂತ್ರ ತಡೆಹಿಡಿಯುತ್ತಿದ್ದರೆ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ ಅಲ್ಲಿಯೇ ಮೂತ್ರ ಮಾಡಲು ಬಿಡಬಹುದು. ಹನ್ನೆರಡು ತಾಸಾದರೂ ಮೂತ್ರ ಹೋಗದಿದ್ದರೆ, ಅದಕ್ಕೂ ಮೊದಲೇ ಕೆಳಹೊಟ್ಟೆ ಉಬ್ಬಿ ಮಗು ಚಡಪಡಿಸುತ್ತಿದ್ದರೆ, ಅಥವಾ ಬ್ಯಾಂಡೇಜಿನ ಹೊರಗೆ ಕಾಣುವ ತುದಿ ನೀಲಿಗೆ ಇಲ್ಲವೇ ಕಪ್ಪಿಗೆ ತಿರುಗಿದ್ದರೆ ಬೆಳಗಾಗಲೆಂದು ಕಾಯಬಾರದು.

ಬಟ್ಟೆಗೆ ಅಲ್ಲಲ್ಲಿ ರಕ್ತದ ಕಲೆ ಹತ್ತುವುದು ಗಾಬರಿಯ ವಿಷಯವಲ್ಲ. ರಕ್ತ ಹನಿಹನಿಯಾಗಿ ತೊಟ್ಟಿಕ್ಕುತ್ತಲೇ ಇದ್ದರೆ ಶುದ್ಧವಾದ ಗಾಜ್ ಬಟ್ಟೆಯಿಂದ ಹತ್ತು ನಿಮಿಷ, ನಡುವೆ ತೆಗೆದು ನೋಡದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆಮೇಲೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆ ತಲುಪಿ.

ಬ್ಯಾಂಡೇಜ್ ಬಿಚ್ಚುವಾಗ ಮತ್ತು ಬಿಚ್ಚಿದ ಮೇಲೆ

ಸಾಮಾನ್ಯವಾಗಿ ಒಂದೆರಡು ದಿನಗಳ ನಂತರ, ವೈದ್ಯರು ಹೇಳಿದ ದಿನವೇ, ಬ್ಯಾಂಡೇಜ್ ತೆಗೆಯಬೇಕು. ಒಣಗಿದ ರಕ್ತದಿಂದ ಗಾಜ್ ಬಟ್ಟೆ ಹೊಲಿಗೆಗೆ ಅಂಟಿಕೊಂಡಿರುತ್ತದೆ; ಎಳೆದರೆ ಗಾಯ ಮತ್ತೆ ತೆರೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುಳಿತರೆ ಬಟ್ಟೆ ನೆನೆದು ಮೆತ್ತಗಾಗಿ, ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬರುತ್ತದೆ. ಕೊನೆಯ ಪದರ ಹಟ ಹಿಡಿದರೆ ಮತ್ತಷ್ಟು ನೀರು ಹಾಕಿ, ಬಲ ಹಾಕಬೇಡಿ. ನಂತರ ಬರೆದುಕೊಟ್ಟ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚಿದರೆ ಒಳ ಉಡುಪು ಗಾಯಕ್ಕೆ ಅಂಟುವುದಿಲ್ಲ.

ಬಿಚ್ಚಿದಾಗ ಕಾಣುವ ದೃಶ್ಯಕ್ಕೆ ಮನಸ್ಸು ಸಿದ್ಧವಾಗಿರಬೇಕು. ತುದಿಯ ಹಿಂದೆ ಬಳೆಯಂತೆ ಉಬ್ಬಿದ ಬಾವು ಇರುತ್ತದೆ, ಚರ್ಮ ಅಲ್ಲಲ್ಲಿ ಕಂದಿರುತ್ತದೆ. ಈ ಬಾವು ಮೊದಲ ಮೂರು ನಾಲ್ಕು ದಿನ ಏರಿ, ಎರಡು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಎರಡನೆಯ ಅಥವಾ ಮೂರನೆಯ ದಿನದಿಂದ ತುದಿಯ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆಯೊಂದು ಅಂಟಿಕೊಂಡಂತೆ ಕಾಣುತ್ತದೆ. “ಡಾಕ್ಟರ್ ಸಾಹೇಬ್ರ, ಕೀವ ಆಗ್ಯಾದ್ರಿ” ಎಂದು ಪಾಲಕರು ಓಡಿ ಬರುವುದು ಹೆಚ್ಚಾಗಿ ಇದನ್ನು ನೋಡಿಯೇ. ಅದು ಕೀವಲ್ಲ, ಮಾಯುತ್ತಿರುವ ಗಾಯದ ಮೇಲೆ ದೇಹವೇ ಕಟ್ಟಿಕೊಂಡ ಪದರ. ಅದನ್ನು ಹತ್ತಿಯಿಂದ ಉಜ್ಜಿ ತೆಗೆಯಲು ಹೋದರೆ ರಕ್ತ ಬರುತ್ತದೆಯೇ ಹೊರತು ಲಾಭವಿಲ್ಲ. ಒಂದೆರಡು ವಾರಗಳಲ್ಲಿ ತಾನೇ ಹೋಗುತ್ತದೆ.

ಹಾಗಾದರೆ ನಿಜವಾದ ಸೋಂಕನ್ನು ಗುರುತಿಸುವುದು ಹೇಗೆ? ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ನೋವು ಮೂರನೆಯ ದಿನದ ನಂತರ ಹೆಚ್ಚಾಗುತ್ತ ಹೋಗುವುದು, ಕೆಂಪು ಬಣ್ಣ ಹೊಲಿಗೆಯನ್ನು ದಾಟಿ ಬುಡದ ಕಡೆಗೆ ಹರಡುವುದು, ದುರ್ವಾಸನೆಯ ದ್ರವ ಸೋರುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬರುವುದು ಅದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರನ್ನು ಕಾಣಬೇಕು.

ಅರಿಶಿನ, ನಂಜು, ಬಿಸಿಲು

ಹಸಿ ಗಾಯಕ್ಕೆ ಅರಿಶಿನ, ಬೂದಿ, ಪೌಡರ್, ನೀರು ಬೆರೆಸದ ಡೆಟಾಲ್ ಯಾವುದನ್ನೂ ಹಾಕಬಾರದು. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ ನಿಜ, ಆದರೆ ಪುಡಿಗಳು ಗಾಯದಲ್ಲಿ ಗಟ್ಟಿಕಟ್ಟಿ ಸೋಂಕಿಗೆ ಜಾಗ ಮಾಡಿಕೊಡುತ್ತವೆ, ಬೂದಿಯಲ್ಲಿ ಧನುರ್ವಾಯುವಿನ ರೋಗಾಣುಗಳು ಇರಬಹುದು. ನಮ್ಮ ಭಾಗದಲ್ಲಿ ಬದನೆಕಾಯಿ, ಶೇಂಗಾ, ತತ್ತಿ ನಂಜು ಎಂದು ಗಾಯವಾದವರಿಗೆ ಅನ್ನ, ಸಾರು ಬಿಟ್ಟು ಬೇರೇನೂ ಕೊಡದ ಮನೆಗಳಿವೆ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ರೊಟ್ಟಿ, ಬೇಳೆ, ಕಾಳು ಪಲ್ಯ, ಮೊಸರು, ತತ್ತಿ ಎಲ್ಲವನ್ನೂ ಧಾರಾಳವಾಗಿ ಕೊಡಿ. ಸೊಪ್ಪು ಮತ್ತು ಸಾಕಷ್ಟು ನೀರು ಇದ್ದರೆ ಮಲಬದ್ಧತೆಯಾಗಿ ಮುಕ್ಕುವ ತೊಂದರೆಯೂ ಇರುವುದಿಲ್ಲ. ಗುಟ್ಕಾ, ಬೀಡಿ, ಸಿಗರೇಟಿನ ನಿಕೋಟಿನ್ ಮಾತ್ರ ಗಾಯ ಮಾಯುವುದನ್ನು ಖಂಡಿತವಾಗಿ ತಡಮಾಡುತ್ತದೆ.

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆವರು ಮತ್ತು ಧೂಳಿನ ಕಡೆ ಹೆಚ್ಚು ಗಮನ ಬೇಕು. ಮಕ್ಕಳಿಗೆ ಸಡಿಲವಾದ ಹತ್ತಿಯ ಲುಂಗಿ ಅನುಕೂಲ. ವಯಸ್ಕರು ಆಧಾರ ಕೊಡುವ ಒಳ ಉಡುಪು ಧರಿಸಿ ಶಿಶ್ನವನ್ನು ಹೊಟ್ಟೆಯ ಕಡೆಗೆ ಮೇಲ್ಮುಖವಾಗಿ ಇಟ್ಟುಕೊಂಡರೆ ಬಾವು ಬೇಗ ಇಳಿಯುತ್ತದೆ. ಬ್ಯಾಂಡೇಜ್ ತೆಗೆದ ಮೇಲೆ ದಿನವೂ ಸ್ನಾನ ಮಾಡಬಹುದು, ಒರಟು ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಬೇಕು. ಆದರೆ ಗಾಯ ಪೂರ್ತಿ ಮಾಯುವವರೆಗೆ ಬಾವಿ, ಕಾಲುವೆ, ಕೃಷ್ಣಾ ನದಿಯ ಹಿನ್ನೀರಿನಲ್ಲಿ ಈಜುವುದು ಬೇಡ. ಶಾಲೆಗೆ, ಕುಳಿತು ಮಾಡುವ ಕೆಲಸಕ್ಕೆ ಸುಮಾರು ಒಂದು ವಾರದಲ್ಲಿ ಮರಳಬಹುದು. ಸೈಕಲ್ ತುಳಿಯುವುದು, ಕಬ್ಬಿನ ಹೊರೆ ಹೊರುವುದು, ಹೊಲದ ಹಾದಿಯಲ್ಲಿ ಟ್ರ್ಯಾಕ್ಟರ್ ಓಡಿಸುವುದು ನಾಲ್ಕು ವಾರಗಳ ನಂತರವೇ ಇರಲಿ.

ವಯಸ್ಕರು ಕೇಳಲು ಸಂಕೋಚಪಡುವ ಪ್ರಶ್ನೆಗಳು

ನಿದ್ರೆಯಲ್ಲಿ ತಾನಾಗಿ ಆಗುವ ನಿಮಿರುವಿಕೆ ಮೊದಲ ವಾರ ತೀವ್ರ ನೋವು ಕೊಡುತ್ತದೆ. ಮಲಗುವ ಮೊದಲು ಮೂತ್ರ ಮಾಡುವುದು, ಮೊಣಕಾಲು ಮಡಚಿ ಮಗ್ಗುಲಾಗಿ ಮಲಗುವುದು, ಎಚ್ಚರವಾದಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಇದಕ್ಕೆ ಸರಳ ಪರಿಹಾರ. ಲೈಂಗಿಕ ಸಂಪರ್ಕ ಮತ್ತು ಹಸ್ತಮೈಥುನ ಎರಡನ್ನೂ ಆರು ವಾರ ಬಿಡಬೇಕು. ಮೇಲ್ನೋಟಕ್ಕೆ ಗಾಯ ಮಾಯ್ದಂತೆ ಕಂಡರೂ ಒಳಗೆ ಅದು ಇನ್ನೂ ದುರ್ಬಲವಾಗಿರುತ್ತದೆ, ಪೂರ್ತಿ ಮಾಯದ ಗಾಯದ ಮೂಲಕ ಎಚ್‌ಐವಿಯಂತಹ ಸೋಂಕು ಸುಲಭವಾಗಿ ದಾಟುತ್ತದೆ. ವೀರ್ಯದ ಉತ್ಪತ್ತಿಗೂ ಮಕ್ಕಳಾಗುವ ಶಕ್ತಿಗೂ ಈ ಶಸ್ತ್ರಚಿಕಿತ್ಸೆಗೂ ಸಂಬಂಧವಿಲ್ಲ. ತುದಿಯ ಭಾಗ ಬಟ್ಟೆ ತಾಗಿದರೂ ಜುಮ್ಮೆನ್ನುವುದು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಆ ಭಾಗದಲ್ಲಿ ಶಿಲೀಂಧ್ರ ಸೋಂಕಿನ ಸಾಧ್ಯತೆ ಹೆಚ್ಚು. ಇವು ಹೃದಯಕ್ಕೂ ಮೂತ್ರಪಿಂಡಕ್ಕೂ ಉಪಕಾರಿಯಾದ ಔಷಧಗಳಾದ್ದರಿಂದ ತಾವಾಗಿಯೇ ನಿಲ್ಲಿಸಬಾರದು. ಸೇವಿಸುತ್ತಿರುವುದನ್ನು ಶಸ್ತ್ರಚಿಕಿತ್ಸೆ ಮಾಡುವವರಿಗೆ ಹೇಳಿ, ಯಾವಾಗ ನಿಲ್ಲಿಸಬೇಕು, ಯಾವಾಗ ಮರಳಿ ಶುರು ಮಾಡಬೇಕು ಎಂದು ಕೇಳಬೇಕು.

ತಿಂಗಳುಗಳ ನಂತರ

ಗಾಯ ಮಾಯ್ದು ಎಷ್ಟೋ ತಿಂಗಳಾದ ಮೇಲೆ ಹುಡುಗನ ಮೂತ್ರದ ಧಾರೆ ದಾರದಂತೆ ತೆಳ್ಳಗಾಗಿ ಮೇಲಕ್ಕೆ ಚಿಮ್ಮುತ್ತಿದ್ದರೆ, ಮುಕ್ಕಿ ಮೂತ್ರ ಮಾಡುತ್ತಿದ್ದರೆ, ಮೂತ್ರದ್ವಾರ ಕಿರಿದಾಗಿರಬಹುದು. ಚಿಕ್ಕ ಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ವಯಸ್ಕರಲ್ಲಿ ಚರ್ಮ ಬೆಳ್ಳಗೆ ಗಡುಸಾಗಿದ್ದ ಕಾರಣಕ್ಕೆ ಶಸ್ತ್ರಚಿಕಿತ್ಸೆ ಆಗಿದ್ದರೆ, ತೆಗೆದ ಚರ್ಮವನ್ನು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಡಿ ಪರೀಕ್ಷಿಸಲು, ಕಳಿಸಿರುತ್ತಾರೆ. ಹೊಲಿಗೆ ಉದುರಿದ ಮೇಲೆ ಆಸ್ಪತ್ರೆಯ ಕಡೆ ತಲೆ ಹಾಕದೆ ಆ ವರದಿಯನ್ನು ಅಲ್ಲಿಯೇ ಬಿಡುವವರಿದ್ದಾರೆ. ಅದನ್ನು ತಪ್ಪದೆ ಪಡೆದು, ವೈದ್ಯರಿಗೆ ತೋರಿಸಿ, ಮುಂದೆ ಮುಲಾಮು ಅಥವಾ ಆಗಾಗ ತಪಾಸಣೆ ಬೇಕೇ ಎಂದು ಕೇಳಿ ತಿಳಿದುಕೊಳ್ಳಬೇಕು.