ಗೇರ್ ಬಾಕ್ಸ್ ಇಳಿಸುವ ಮೊದಲು ಸ್ಲೇವ್ ಸಿಲಿಂಡರ್ ಅಳೆಯಿರಿ

ಗೇರ್ ಹಾಕುವಾಗ ಕರ್‌ರ್ ಅಂದರೆ ಸಾಕು, "ಗೇರ್ ಬಾಕ್ಸ್ ಹೋಗಿದೆ, ಇಳಿಸಬೇಕು" ಅನ್ನುವ ಮಾತು ಬಂದೇ ಬರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ನಡೆಸುವ ನನಗೆ ಈ ಮಾತು ಕೇಳಿದಾಗೆಲ್ಲ ಬೇಜಾರಾಗುತ್ತದೆ. ಸದ್ದು ಬರುವುದು ಗೇರ್ ಬಾಕ್ಸಿನಿಂದ, ನಿಜ. ಆದರೆ ತಪ್ಪು ಎಷ್ಟೋ ಸಲ ಅದರದ್ದಲ್ಲ. ಕ್ಲಚ್ ಪೂರ್ತಿ ಬಿಡದಿದ್ದರೆ, ಅಂದರೆ ಪೆಡಲ್ ತುಳಿದಾಗಲೂ ಇಂಜಿನ್ನಿನಿಂದ ಗೇರ್ ಬಾಕ್ಸನ್ನು ಪೂರ್ತಿ ಬೇರೆ ಮಾಡದಿದ್ದರೆ, ಒಳ್ಳೆಯ ಗೇರ್ ಬಾಕ್ಸ್ ಕೂಡ ಕಿರುಚುತ್ತದೆ. ಹೂವಿನ ಟೆಂಪೋ ಆದರೂ ಅಷ್ಟೇ, ಹಳೇ ಸ್ಪೋರ್ಟ್ಸ್ ಕಾರ್ ಆದರೂ ಅಷ್ಟೇ. ಸ್ಪೋರ್ಟ್ಸ್ ಕಾರಿನಲ್ಲಿ ಸುಮ್ನೆ ಬಿಚ್ಚಿದರೆ ಆಗುವ ನಷ್ಟ ಮಾತ್ರ ಬಹಳ ಜಾಸ್ತಿ.

ನಂದಿ ಬೆಟ್ಟದ ತಪ್ಪಲಲ್ಲಿ ದ್ರಾಕ್ಷಿ ತೋಟ ಇರುವವರೊಬ್ಬರ ಹತ್ತಿರ 1971ರ ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರ್ ಇದೆ. ಎರಡು ಸೀಟು, ಮಡಿಸುವ ಬಟ್ಟೆಯ ಟಾಪ್. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಅಂಬಾಸಿಡರ್ ಕೆಲಸದಲ್ಲಿ ಪಳಗಿದವರು ಇದರ ಬಾನೆಟ್ ಎತ್ತಿದರೆ ಹೆದರಬೇಕಾಗಿಲ್ಲ. ಹಳೇ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಇಂಜಿನ್, ಇದರ 1798 ಸಿಸಿ ಇಂಜಿನ್, ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಅನ್ನುವ ಒಂದೇ ಮನೆತನದವು. ನಾನು ಈ ಕೆಲಸ ಒಪ್ಪಿಕೊಂಡಿದ್ದೂ ಆ ಧೈರ್ಯದಿಂದಲೇ.

ಕಾರು ನನ್ನ ಹತ್ತಿರ ಬರುವ ಹೊತ್ತಿಗೆ ಬೇರೆ ಕಡೆ ಗೇರ್ ಬಾಕ್ಸ್ ಇಳಿಸಬೇಕೆಂದು ಹೇಳಿ ಆಗಿತ್ತು. ನಾನು ಕೀ ಈಸಿಕೊಳ್ಳುವ ಮೊದಲು ಕೇಳಿದೆ.

"ಯಾವ ಗೇರಲ್ಲಿ ಸಾರ್ ಸದ್ದು?"

"ರಿವರ್ಸಲ್ಲಿ ಜಾಸ್ತಿ ಮೇಸ್ತ್ರಿ. ಫಸ್ಟ್ ಹಾಕೋಕೂ ಒದ್ದಾಡಬೇಕು. ಬೆಟ್ಟ ಇಳಿಯುವಾಗ ಸೆಕೆಂಡೂ ಕರ್ ಅನ್ನುತ್ತೆ."

"ನಿಂತಿದ್ದಾಗಲೂ ಸೆಕೆಂಡ್ ಸದ್ದು ಮಾಡುತ್ತಾ?"

"ಇಲ್ಲ, ಓಡುವಾಗ ಮಾತ್ರ."

ಈ ಉತ್ತರದಲ್ಲೇ ಅರ್ಧ ಕೆಲಸ ಮುಗಿಯಿತು. ಇಲ್ಲಿ ಇರುವುದು ಒಂದು ಕಾಯಿಲೆ ಅಲ್ಲ, ಎರಡು ಇರಬಹುದು. ನಿಂತ ಕಾರಿನಲ್ಲಿ ರಿವರ್ಸ್ ಮತ್ತು ಫಸ್ಟ್ ಕಷ್ಟವಾದರೆ ಮೊದಲ ಅನುಮಾನ ಕ್ಲಚ್ ಮೇಲೆ. ಓಡುವಾಗ ಒಂದೇ ಒಂದು ಗೇರ್ ಕಿರುಚಿದರೆ ಅನುಮಾನ ಆ ಗೇರಿನ ಸಿಂಕ್ರೋ ರಿಂಗ್ ಮೇಲೆ, ಅಂದರೆ ಗೇರ್ ಬೀಳುವಾಗ ವೇಗ ಹೊಂದಿಸುವ ರಿಂಗ್ ಮೇಲೆ. ಎರಡನ್ನೂ ಬೆರೆಸಿ ನೋಡಿದವರಿಗೆ ಇಡೀ ಗೇರ್ ಬಾಕ್ಸೇ ಹಾಳಾದಂತೆ ಕಾಣುತ್ತದೆ.

ಇಂಜಿನ್ ಆಫ್ ಮಾಡಿ ನಾಲ್ಕೂ ಗೇರ್ ಮತ್ತು ರಿವರ್ಸ್ ಹಾಕಿ ನೋಡಿದೆ. ಎಲ್ಲ ಸಲೀಸಾಗಿ ಬಿದ್ದವು. ಅಂದರೆ ಲಿವರ್, ಒಳಗಿನ ಸೆಲೆಕ್ಟರ್ ಎಲ್ಲ ಸರಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಪೂರ್ತಿ ತುಳಿದು, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿದೆ. ಈ ಕಾಯುವುದು ಬಹಳ ಮುಖ್ಯ. ಕ್ಲಚ್ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಗೇರ್ ಬಾಕ್ಸಿನ ಒಳಗಿನ ಶಾಫ್ಟ್ ತಿರುಗುವುದನ್ನು ನಿಲ್ಲಿಸಿರಬೇಕು. ರಿವರ್ಸ್‌ಗೆ ಸಿಂಕ್ರೋ ಇಲ್ಲ, ಹಾಗಾಗಿ ಶಾಫ್ಟ್ ಇನ್ನೂ ತಿರುಗುತ್ತಿದ್ದರೆ ಅದು ಮುಚ್ಚಿಡುವುದಿಲ್ಲ. ಐದು ಸೆಕೆಂಡ್ ಆದ ಮೇಲೂ ಕರ್‌ರ್ ಅಂತು. ಪೆಡಲ್ ಮೂರ್ನಾಲ್ಕು ಸಲ ಬೇಗ ಬೇಗ ತುಳಿದು ಹಾಕಿದರೆ ಸದ್ದು ಕಡಿಮೆಯಾಯಿತು. ತುಳಿದು ತುಳಿದು ಸರಿಯಾಗುವುದಾದರೆ ದೋಷ ಹೈಡ್ರಾಲಿಕ್‌ನಲ್ಲಿ, ಅಂದರೆ ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ ಆಯಿಲ್ ಸಾಲಿನಲ್ಲಿ ಇದೆ ಅಂತ ಅರ್ಥ. ಪೈಪಿನಲ್ಲಿ ಗಾಳಿ, ಇಲ್ಲವೇ ಸೀಲ್ ಸವೆತ.

ಬೇರಿಂಗ್ ಸದ್ದನ್ನೂ ಆಗಲೇ ಕೇಳಿಸಿಕೊಂಡೆ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಿರುವಾಗ ಗೊರಗೊರ ಅನ್ನುತ್ತಿದ್ದು, ತುಳಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗ್. ಸುಮ್ಮನಿದ್ದದ್ದು ತುಳಿದಾಗ ಸದ್ದು ಶುರು ಮಾಡಿದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್. ಎಂಜಿಬಿಯಲ್ಲಿ ರಿಲೀಸ್ ಬೇರಿಂಗ್ ಗುಂಡಿನದ್ದಲ್ಲ, ಒತ್ತಿ ಉಜ್ಜುವ ಕಾರ್ಬನ್ ರಿಂಗ್. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕಾರಿನಲ್ಲಿ ಅದು ಬೇಗ ಸವೆದುಹೋಗುತ್ತದೆ. ಈ ಕಾರಿನಲ್ಲಿ ಎರಡೂ ಸದ್ದು ಇರಲಿಲ್ಲ.

ಇನ್ನು ಅಳತೆ. ನನ್ನ ಲೆಕ್ಕದಲ್ಲಿ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳುತ್ತದೆ. ಆ ಆಯಿಲ್ ಕೆಳಗಿನ ಸ್ಲೇವ್ ಸಿಲಿಂಡರಿನ ರಾಡನ್ನು ಮುಂದೆ ತಳ್ಳುತ್ತದೆ. ರಾಡ್ ಫೋರ್ಕನ್ನು, ಅಂದರೆ ರಿಲೀಸ್ ಬೇರಿಂಗ್ ಒತ್ತುವ ಸನ್ನೆಯನ್ನು, ತಳ್ಳಿದಾಗ ಕ್ಲಚ್ ಬಿಡುತ್ತದೆ. ರಾಡ್ ಎಷ್ಟು ಓಡುತ್ತದೆ ಅನ್ನುವುದನ್ನು ಹೊರಗಿನಿಂದಲೇ ಅಳೆಯಬಹುದು. ಎಂಜಿಬಿಯಲ್ಲಿ ಅದು ಸುಮಾರು ಅರ್ಧ ಇಂಚು, ಅಂದರೆ 12-13 ಮಿಲಿಮೀಟರ್ ಓಡಬೇಕು. ಪೂರ್ತಿ ಓಡಿಯೂ ಗೇರ್ ಕಿರುಚಿದರೆ ದೋಷ ಒಳಗಿದೆ. ಕ್ಲಚ್ ಪ್ಲೇಟ್ ಸೊಟ್ಟಗಾಗಿರಬಹುದು, ಫೋರ್ಕಿನ ಬುಷ್ ಸವೆದಿರಬಹುದು, ಕ್ರ್ಯಾಂಕ್ ತುದಿಯ ಬುಷ್ ಶಾಫ್ಟನ್ನು ಕಚ್ಚಿ ತನ್ನ ಜೊತೆ ತಿರುಗಿಸುತ್ತಿರಬಹುದು. ಆಗ ಬಿಚ್ಚಲೇಬೇಕು. ಅಳತೆ ಕಡಿಮೆ ಬಂದರೆ ದೋಷ ಹೊರಗಿದೆ. ಆಗ ಗೇರ್ ಬಾಕ್ಸ್ ಮುಟ್ಟುವ ಮಾತೇ ಇಲ್ಲ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಟ್ಟೆ ಕೊಟ್ಟು, ಇಂಜಿನ್ ಆಫ್ ಇಟ್ಟುಕೊಂಡು ಸ್ಕೇಲ್ ಹಿಡಿದು ಕೆಳಗೆ ಹೋದೆ. ಬರೀ ಜಾಕ್ ನಂಬಿ ಯಾರೂ ಕೆಳಗೆ ಮಲಗಬೇಡಿ, ಎರಡು ನಿಮಿಷದ ಕೆಲಸ ಆದರೂ. ಹುಡುಗ ಮೇಲೆ ಪೆಡಲ್ ತುಳಿದ. "ಪೂರ್ತಿ ತುಳಿದೆಯೇನೋ?" ಅಂದೆ. "ಪೂರ್ತಿ ಅಣ್ಣಾ, ಮ್ಯಾಟ್‌ಗೆ ತಾಗಿದೆ" ಅಂದ. ಆ ಮ್ಯಾಟ್ ತೆಗೆಸಿದೆ. ಕೆಳಗೆ ಒಂದು ಕಾರ್ಪೆಟ್, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್. ಹಳೇ ಕಾರಿಗೆ ಹೊಸ ಮ್ಯಾಟ್ ಹಾಕಿಸಿದ ಮೇಲೆ ಗೇರ್ ತೊಂದರೆ ಶುರುವಾಯಿತು ಅಂದರೆ ಇದನ್ನು ಮೊದಲು ನೋಡಬೇಕು. ಇಲ್ಲಿ ಮ್ಯಾಟ್ ತೆಗೆದ ಮೇಲೂ ರಾಡ್ ಓಡಿದ್ದು 9 ಮಿಲಿಮೀಟರ್ ಮಾತ್ರ.

ಉಳಿದ ಓಟ ಎಲ್ಲಿ ಹೋಯಿತು ಅಂತ ಮೇಲಿನಿಂದ ಕೆಳಗೆ ಹುಡುಕುತ್ತಾ ಬಂದೆ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರಿನ ರಾಡ್ ಸೇರುವ ಕಡೆ ಒಂದು ಪಿನ್ ಇದೆ. ಐವತ್ತು ವರ್ಷ ತುಳಿಸಿಕೊಂಡ ಪಿನ್ ನಡುವೆ ಸೊಂಟದಂತೆ ಸವೆದಿತ್ತು. ಪೆಡಲಿನ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಎಂಜಿಬಿಯಲ್ಲಿ ಈ ಸವೆತ ಬಹಳ ಸಾಮಾನ್ಯ. ಇಲ್ಲಿ ಅಡ್ಜಸ್ಟ್ ಮಾಡುವ ನಟ್ ಇಲ್ಲ, ಹಾಗಾಗಿ ಸವೆದದ್ದೆಲ್ಲ ಪೆಡಲ್ ಆಟವಾಗಿ ಉಳಿದುಬಿಡುತ್ತದೆ. ಕೆಲವರು ಸ್ಲೇವ್ ರಾಡನ್ನು ಉದ್ದ ಮಾಡಿ ಸುಧಾರಿಸಲು ನೋಡುತ್ತಾರೆ. ಅದು ಬೇಡ. ಪಿಸ್ಟನ್ ತನ್ನ ಜಾಗ ಬಿಟ್ಟು ಕೂರುತ್ತದೆ ಅಷ್ಟೇ, ಓಟ ಹೆಚ್ಚುವುದಿಲ್ಲ.

ಪೆಡಲ್ ಬಿಚ್ಚಿ ಲೇತ್ ಅಂಗಡಿಗೆ ಕೊಟ್ಟೆ. ಬೋರ್‌ವೆಲ್ ಮೋಟಾರ್ ಶಾಫ್ಟ್ ದಿನವೂ ರಿಪೇರಿ ಮಾಡುವ ಕೈ ಅದು. ತೂತನ್ನು ವೆಲ್ಡಿಂಗ್‌ನಿಂದ ತುಂಬಿ, ಹೊಸ ಪಿನ್ ಅಳತೆಗೆ ಸರಿಯಾಗಿ ಕೊರೆದು ಕೊಟ್ಟರು. ಇಂಥ ಕೈಗಳು ನಮ್ಮೂರಲ್ಲಿ ಇರುವುದರಿಂದಲೇ ಹಳೇ ಗಾಡಿಗಳು ಇನ್ನೂ ಓಡುತ್ತಿವೆ.

ಕೆಳಗಿನ ರಬ್ಬರ್ ಹೋಸ್ ಕೂಡ ತಪ್ಪಿನಲ್ಲಿ ಪಾಲುದಾರ. ಹುಡುಗ ತುಳಿಯುವಾಗ ಅದನ್ನು ಮುಷ್ಟಿಯಲ್ಲಿ ಹಿಡಿದೆ. ಉಬ್ಬುವುದು ಕೈಗೇ ಗೊತ್ತಾಗುತ್ತಿತ್ತು. ರಾಡ್ ತಳ್ಳಬೇಕಾದ ಆಯಿಲ್ ಹೋಸ್ ಉಬ್ಬಿಸುವುದಕ್ಕೆ ಖರ್ಚಾಗುತ್ತಿತ್ತು. ಸ್ಲೇವಿನ ರಬ್ಬರ್ ಬೂಟ್ ಸರಿಸಿದರೆ ಒಳಗೆ ಒದ್ದೆ. ಸೀಲ್ ಕಿಟ್, ಹೋಸ್ ಎರಡನ್ನೂ ಬದಲಿಸಿದೆ. ಮಾಸ್ಟರ್ ಸಿಲಿಂಡರ್ ಮಾತ್ರ ಚೆನ್ನಾಗಿತ್ತು.

ಗಾಳಿ ತೆಗೆಯುವುದರಲ್ಲಿ ಎಂಜಿಬಿ ಸ್ವಲ್ಪ ಹಟಮಾರಿ. ಮೇಲಿನಿಂದ ಪೆಡಲ್ ತುಳಿದು ಬ್ಲೀಡ್ ಮಾಡಿದರೆ ಗಾಳಿ ಎಲ್ಲೋ ಸಿಕ್ಕಿಕೊಂಡು ಕೂರುತ್ತದೆ. ಗಾಳಿ ಮೇಲಕ್ಕೆ ಹೋಗಲು ಬಯಸುತ್ತದೆ, ಅದನ್ನು ಕೆಳಕ್ಕೆ ತಳ್ಳುವುದು ಯಾಕೆ? ಪಶು ಔಷಧಿ ಅಂಗಡಿಯಿಂದ ಹಸುವಿಗೆ ಬಳಸುವ ದೊಡ್ಡ ಸಿರಿಂಜ್ ತಂದು, ಸ್ಲೇವಿನ ಗಾಳಿ ತೆಗೆಯುವ ನಿಪ್ಪಲಿಗೆ ಪೈಪ್ ಹಾಕಿ, ಹೊಸ ಡಾಟ್ 4 ಬ್ರೇಕ್ ಆಯಿಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಳ್ಳಿದೆ. ಮೇಲಿನ ಡಬ್ಬಿಯಲ್ಲಿ ಗುಳ್ಳೆ ಬರುತ್ತಾ ಬರುತ್ತಾ ನಿಂತವು. ಡಬ್ಬಿ ತುಂಬಿ ಚೆಲ್ಲದ ಹಾಗೆ ಒಬ್ಬರು ನೋಡುತ್ತಿರಬೇಕು. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಮತ್ತೆ ಅಳೆದಾಗ ರಾಡ್ 13 ಮಿಲಿಮೀಟರ್ ಓಡಿತು. ರಿವರ್ಸ್ ಸದ್ದಿಲ್ಲದೆ ಬಿತ್ತು. ಗೇರಿನಲ್ಲಿಟ್ಟು ಅರ್ಧ ನಿಮಿಷ ಕ್ಲಚ್ ಒತ್ತಿ ಹಿಡಿದೆ, ಕಾರು ಅಲುಗಲಿಲ್ಲ. ಮಾಸ್ಟರ್ ಒಳಗೊಳಗೇ ಸೋರುತ್ತಿದ್ದರೆ ಆ ಹೊತ್ತಿಗೆ ಮೆಲ್ಲಗೆ ಮುಂದೆ ಹೊರಡುತ್ತಿತ್ತು. ಕ್ಲಚ್ ಜಾರುವುದನ್ನು ನೋಡಲು ಬೆಟ್ಟದ ರಸ್ತೆಗೆ ತೆಗೆದುಕೊಂಡು ಹೋದೆ. ಏರಿನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಮಾತ್ರ ಕೂಗಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ ಎಂದರ್ಥ. ಇದರ ಪ್ಲೇಟ್ ಗಟ್ಟಿಯಾಗಿತ್ತು.

ಇಳಿಯುವಾಗ ಥರ್ಡಿನಿಂದ ಸೆಕೆಂಡಿಗೆ ಬಂದರೆ ಮಾತ್ರ ಕರ್ ಅನ್ನುವುದು ಹಾಗೇ ಇತ್ತು. ಇದು ಎರಡನೇ ಕಾಯಿಲೆ. ಓಡುವ ಬಸ್ ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಸಿಂಕ್ರೋ ರಿಂಗ್ ಮಾಡಿಸುವುದು ಆ ಓಟವನ್ನೇ. ಹಿತ್ತಾಳೆ ಬಣ್ಣದ ಆ ರಿಂಗ್ ಗೇರಿನ ಕೋನನ್ನು ಉಜ್ಜಿ ಹಿಡಿದು ಎರಡರ ವೇಗವನ್ನೂ ಒಂದು ಮಾಡುತ್ತದೆ. ಉಜ್ಜಲು ಹಿಡಿತ ಬೇಕು. ಗೇರ್ ಬಾಕ್ಸ್ ಆಯಿಲ್ ಇಳಿಸಿದರೆ ನೈಂಟಿ ಅನ್ನುವ ದಪ್ಪನೆಯ ಗೇರ್ ಆಯಿಲ್ ಬಂತು, ವಾಸನೆಯಲ್ಲೇ ಗೊತ್ತಾಗುತ್ತದೆ. ಎಂಜಿಬಿಯ ಈ ಗೇರ್ ಬಾಕ್ಸಿಗೆ ಹಾಕಬೇಕಾದದ್ದು 20ಡಬ್ಲ್ಯೂ-50 ಇಂಜಿನ್ ಆಯಿಲ್. ಹೆಚ್ಚು ಒತ್ತಡಕ್ಕೆಂದು ಮಾಡಿದ ಗೇರ್ ಆಯಿಲ್‌ಗಳಲ್ಲಿ ಕೆಲವು ರಿಂಗ್ ಜಾರುವಂತೆ ಮಾಡುತ್ತವೆ, ಅವುಗಳ ಗಂಧಕ ಹಿತ್ತಾಳೆಯನ್ನೂ ತಿನ್ನಬಹುದು. ಇಳಿಸಿದ ಆಯಿಲ್‌ನಲ್ಲಿ ಹೊಳೆಯುವ ಪುಡಿ ಇತ್ತು. ಮ್ಯಾಗ್ನೆಟ್ ಆಡಿಸಿದರೆ ಅಂಟಲಿಲ್ಲ. ಉಕ್ಕಿನ ಪುಡಿಯಾಗಿದ್ದರೆ ಗೇರಿನ ಹಲ್ಲಿಗೆ ಹೆದರಬೇಕಿತ್ತು. ಇದು ರಿಂಗಿನ ಪುಡಿ.

ಸರಿಯಾದ ಆಯಿಲ್ ಹಾಕಿದ ಮೇಲೆ ಸದ್ದು ಬಹಳ ಇಳಿಯಿತು, ಪೂರ್ತಿ ಹೋಗಲಿಲ್ಲ. ನಿಧಾನವಾಗಿ ಹಾಕಿದರೆ ಇಲ್ಲ, ಅವಸರ ಮಾಡಿದರೆ ಇದೆ. ಯಜಮಾನರಿಗೆ ಡಬಲ್ ಕ್ಲಚ್ ಹೇಳಿಕೊಟ್ಟೆ. ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಒಮ್ಮೆ ಆಕ್ಸಿಲರೇಟರ್, ಮತ್ತೆ ತುಳಿದು ಸೆಕೆಂಡ್. ಹಳೇ ಲಾರಿ ಡ್ರೈವರುಗಳಿಗೆ ಇದು ಉಸಿರಾಟದಷ್ಟು ಸಹಜವಾಗಿತ್ತು.

"ಹಾಗಾದ್ರೆ ರಿಂಗ್ ಯಾವಾಗ ಹಾಕೋದು ಮೇಸ್ತ್ರಿ?" ಅಂತ ಕೇಳಿದರು. ಈಗ ಬೇಡ ಅಂದೆ. ಎಂಜಿಬಿಯಲ್ಲಿ ಕ್ಲಚ್ ಪ್ಲೇಟ್ ಬದಲಿಸಲೂ ಇಂಜಿನ್ ಹೊರಗೆ ಬರಬೇಕು. ಪ್ಲೇಟ್ ಇನ್ನೂ ಗಟ್ಟಿ ಇದೆ. ಅದು ಮುಗಿದ ದಿನ ಇಂಜಿನ್, ಗೇರ್ ಬಾಕ್ಸ್ ಒಟ್ಟಿಗೇ ಇಳಿಸಿ ಪ್ಲೇಟ್, ಕಾರ್ಬನ್ ಬೇರಿಂಗ್, ಫೋರ್ಕ್ ಬುಷ್, ಕ್ರ್ಯಾಂಕ್ ತುದಿಯ ಬುಷ್, ಸೆಕೆಂಡ್ ಗೇರಿನ ರಿಂಗ್ ಎಲ್ಲವನ್ನೂ ಒಂದೇ ಸಲ ಹಾಕೋಣ ಅಂದೆ. ಅಷ್ಟರೊಳಗೆ ಸಾಮಾನು ಇಂಗ್ಲೆಂಡಿನಿಂದ ತರಿಸಿ ಇಟ್ಟುಕೊಳ್ಳಲು ಪಟ್ಟಿ ಬರೆದುಕೊಟ್ಟೆ. ಆ ದಪ್ಪ ಮ್ಯಾಟನ್ನು ಮತ್ತೆ ಹಾಕಬೇಡಿ ಅಂತಲೂ ಹೇಳಿದೆ.