ಬೆಟ್ಟದ ಕಾಳಗವನ್ನು ಮನೆಯ ಮೇಜಿನ ಮೇಲೆ ಓದುವುದು ಹೇಗೆ?

ಯುದ್ಧದ ಪುಸ್ತಕದಲ್ಲಿ ನಕ್ಷೆ ಬಂದ ಪುಟವನ್ನು ಜಾಸ್ತಿ ಜನ ಸುಮ್ನೆ ತಿರುವಿಬಿಡುತ್ತಾರೆ. ಆದರೆ ಅರ್ಧ ಕಥೆ ಇರುವುದೇ ಅಲ್ಲಿ. ಕೊರಿಯಾ ಯುದ್ಧದ ಒಂದು ಕಾಳಗವನ್ನು ಇಟ್ಟುಕೊಂಡು ನೋಡೋಣ. 1952ರ ಅಕ್ಟೋಬರ್ 14ರಿಂದ ನವೆಂಬರ್ 25ರವರೆಗೆ ಟ್ರಯಾಂಗಲ್ ಹಿಲ್‌ನಲ್ಲಿ ನಡೆದದ್ದು. ಒಂದು ಕಡೆ ಅಮೆರಿಕ ಮತ್ತು ದಕ್ಷಿಣ ಕೊರಿಯಾ, ಇನ್ನೊಂದು ಕಡೆ ಚೀನಾ. ಬೇಕಾಗಿರುವುದು ಒಂದು ಮುದ್ದೆ ಜೇಡಿಮಣ್ಣು, ಒಂದು ಟಾರ್ಚು, ಕಾಗದ, ಪೆನ್ಸಿಲ್.

ಮೊದಲು ಹೆಸರು ಹುಡುಕಿ

ನಕ್ಷೆಯಲ್ಲಿ 38ನೇ ಅಕ್ಷಾಂಶದ ತುಸು ಮೇಲೆ ಕಿಮ್ಹ್ವಾ ಎಂಬ ಊರು ಸಿಗುತ್ತದೆ. ಅದರ ಉತ್ತರಕ್ಕೇ ಈ ಬೆಟ್ಟ. ಅಮೆರಿಕದವರಿಗೆ ಇದು ಟ್ರಯಾಂಗಲ್ ಹಿಲ್. ಚೀನಾದವರು ಹತ್ತಿರದ ಪುಟ್ಟ ಊರಿನ ಹೆಸರು ಹಿಡಿದು ಷಾಂಗನ್‌ಲಿಂಗ್ ಎನ್ನುತ್ತಾರೆ. ದಕ್ಷಿಣ ಕೊರಿಯಾದವರಿಗೆ ನೆನಪಿರುವುದು ತಮ್ಮ ಸೈನಿಕರು ಹೋರಾಡಿದ ಪಕ್ಕದ ಸ್ನೈಪರ್ ರಿಜ್. ಮೂರೂ ಹೆಸರಿನಲ್ಲಿ ಹುಡುಕದಿದ್ದರೆ ಒಂದು ಕಡೆಯ ಮಾತಷ್ಟೇ ಕೈಗೆ ಸಿಗುತ್ತದೆ.

ಆಮೇಲೆ ಬೆಟ್ಟ ಕಟ್ಟಿ

ಸ್ಕೂಲಿನಲ್ಲಿ ಓದಿದ ಸಮೋನ್ನತಿ ರೇಖೆ ನೆನಪಿದೆ ಅಲ್ವಾ? ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನದ ಇಳಿಜಾರು. ಸೇನೆಯ ನಕ್ಷೆಯಲ್ಲಿ ಈ ಬೆಟ್ಟದ ಹೆಸರೇ 598, ಅಂದರೆ ಅದರ ಎತ್ತರ, ಮೀಟರಿನಲ್ಲಿ. ದಕ್ಷಿಣದ ತುದಿಯಲ್ಲಿ ಆ ನೆತ್ತಿ. ಅಲ್ಲಿಂದ ಕವಲೊಡೆದ ಕೊಂಬೆಯ ಹಾಗೆ ಎರಡು ಏಣು, ಒಂದು ವಾಯವ್ಯಕ್ಕೆ, ಇನ್ನೊಂದು ಈಶಾನ್ಯಕ್ಕೆ. ಮಣ್ಣಿನಲ್ಲಿ ಇಷ್ಟು ಮಾಡಿದರೆ ಸಾಕು.

ಈಗ ಕೋಣೆಯ ದೀಪ ಆರಿಸಿ, ಅಮೆರಿಕದವರಿದ್ದ ದಕ್ಷಿಣದ ಕಡೆಯಿಂದ, ಮೇಜಿನ ಮಟ್ಟಕ್ಕೆ ಟಾರ್ಚು ಹಿಡಿಯಿರಿ. ನನಗೆ ಈ ಕಾಳಗ ಅರ್ಥವಾದದ್ದು ಇಲ್ಲಿ. ಬೆಳಕು ಬಿದ್ದ ಮೈ ಫಿರಂಗಿಗೆ ನೇರವಾಗಿ ಸಿಗುವ ಜಾಗ. ಹಿಂದೆ ನೆರಳಿದೆಯಲ್ಲ, ಗುಂಡು ಅಲ್ಲಿಗೆ ಸುಲಭಕ್ಕೆ ತಲುಪುವುದಿಲ್ಲ. ಪೆನ್ಸಿಲ್ ತುದಿಯಿಂದ ಆ ನೆರಳಿನ ಮೈಯಲ್ಲಿ ತೂತು ಕೊರೆದು ಒಳಗೊಳಗೇ ಕೂಡಿಸಿ. ಚೀನಾದ ಸೈನಿಕರು ತೋಡಿಕೊಂಡಿದ್ದ ಸುರಂಗಗಳು ಇಂಥವು.

ದಿನಗಳನ್ನು ಸಾಲಾಗಿ ಬರೆಯಿರಿ

ಅಮೆರಿಕದ ಜನರಲ್ ವ್ಯಾನ್ ಫ್ಲೀಟ್ ಹಾಕಿದ್ದ ಲೆಕ್ಕ ಐದು ದಿನ, ಸುಮಾರು 200 ಮಂದಿಯ ಸಾವುನೋವು. ಅದನ್ನು ಮೇಲೆ ಬರೆಯಿರಿ. ಕೆಳಗೆ ನಡೆದದ್ದು: ಅಕ್ಟೋಬರ್ 14ರಂದು ಅಮೆರಿಕದ 7ನೇ ಡಿವಿಜನ್ 598ರ ಮೇಲೆ, ದಕ್ಷಿಣ ಕೊರಿಯಾದ 2ನೇ ಡಿವಿಜನ್ ಸ್ನೈಪರ್ ರಿಜ್ ಮೇಲೆ ನುಗ್ಗಿದವು. ಹಗಲು ಇವರು ಹಿಡಿದದ್ದನ್ನು ರಾತ್ರಿ ಚೀನಾದವರು ಕಿತ್ತುಕೊಳ್ಳುತ್ತಿದ್ದರು. ಸುಮಾರು 20ರ ಹೊತ್ತಿಗೆ ಮೇಲ್ಮೈ ಬಹುಪಾಲು ಇವರದು, ನೆಲದೊಳಗೆ ಮಾತ್ರ ಅವರೇ. ಅದೇ ತಿಂಗಳ 25ಕ್ಕೆ ಅಮೆರಿಕದವರು ಹಿಂದೆ ಸರಿದು ಬೆಟ್ಟವನ್ನೂ ಕೊರಿಯಾದವರಿಗೆ ಬಿಟ್ಟರು. 30ರಂದು ಚೀನಾ ನೆತ್ತಿಯನ್ನು ಮರಳಿ ಹಿಡಿಯಿತು.

ಆ ನಡುವಿನ ಹತ್ತು ದಿನ ಬೇಗ ದಾಟಬೇಡಿ. ಸುರಂಗದಲ್ಲಿ ನೀರಿರಲಿಲ್ಲ. ಗಂಟಲು ಒಣಗಿ ಒಣ ಬಿಸ್ಕತ್ತು ಕೂಡ ಇಳಿಯುತ್ತಿರಲಿಲ್ಲ. ಗುಂಡಿನ ಮಳೆ ದಾಟಿ ಒಳಗೆ ತಲುಪಿದ ಒಂದೇ ಒಂದು ಸೇಬು ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರದು ಒಂದು ಚೂರು ಕಡಿತ ಎಂದು ಆ ಸುರಂಗದಲ್ಲಿದ್ದವರು ನೆನೆದಿದ್ದಾರೆ. ಬೆಟ್ಟದ ತುದಿ ಎರಡು ಮೀಟರ್ ತಗ್ಗಿತು ಎಂದೂ ಚೀನಾ ಹೇಳುತ್ತದೆ.

ಸಾವುನೋವಿಗೆ ಎರಡು ಕಾಲಂ

ಅಮೆರಿಕದ ಲೆಕ್ಕದಲ್ಲಿ ತಮ್ಮ ಕಡೆ ಸುಮಾರು 9,000, ಚೀನಾ ಕಡೆ 19,000. ಚೀನಾದ ಲೆಕ್ಕದಲ್ಲಿ ತಮ್ಮದು 11,500, ಎದುರಾಳಿಯದು 25,000. ತಮ್ಮವರ ಬಗ್ಗೆ ಇಬ್ಬರೂ ಕೊಟ್ಟಿರುವ ಚಿಕ್ಕ ಅಂಕಿಗಳನ್ನೇ ಕೂಡಿಸಿ. ಆಗಲೂ 20,000 ದಾಟುತ್ತದೆ.

ಕೊನೆಗೆ, ಯಾಕೆ?

ಅಕ್ಟೋಬರ್ 8ಕ್ಕೆ ಪನ್‌ಮುಂಜೋಮ್‌ನ ಶಾಂತಿ ಮಾತುಕತೆ ಮುರಿದಿತ್ತು. ತಾಯ್ನಾಡಿಗೆ ಹೋಗಲೊಪ್ಪದ ಯುದ್ಧಕೈದಿಗಳನ್ನು ಬಲವಂತವಾಗಿ ಕಳಿಸಬೇಕೇ ಎಂಬಲ್ಲಿ ಗಂಟು ಬಿದ್ದಿತ್ತು. ಮಾತಿನ ಮೇಜಿನಲ್ಲಿ ಕೈ ಮೇಲಾಗಲೆಂದು ಹೂಡಿದ ಕಾಳಗ ಇದು. ಆ ಗಂಟು ಬಿಡಿಸುವ ಕೆಲಸ ಮರುವರ್ಷ ಬಂದದ್ದು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಪಾಲಿಗೆ. ಐದು ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರಾಗಿ ಅವರು ಕೊರಿಯಾಕ್ಕೆ ಹೋದರು. ಊರಿಗೆ ಹೋಗುವುದಿಲ್ಲ ಎಂದು ಕೂತ 22,000ಕ್ಕೂ ಹೆಚ್ಚು ಕೈದಿಗಳು ಅಲ್ಲಿ ಭಾರತೀಯ ಸೈನಿಕರ ಕಾವಲಿನಲ್ಲಿದ್ದರು.