ಮಗುವನ್ನು ಯಾರ ಕೈಗೆ ಕೊಡುತ್ತೀರಿ?

ಶಿಶುವಿಹಾರದಲ್ಲಿ ಮೈಯೆಲ್ಲ ಕಣ್ಣಾಗಿರಬೇಕಾದದ್ದು ಮನೆಗೆ ಬಿಡುವ ಹೊತ್ತಿನಲ್ಲಿ. ಗೇಟಿನಲ್ಲಿ ಗದ್ದಲ, ಆಯಾ ಒಬ್ಬರೇ. "ನಾನು ಚಿಕ್ಕಪ್ಪ" ಎಂದವರ ಜೊತೆ ಮಗು ಹೊರಟುಬಿಡುತ್ತದೆ. ಸೇರಿಸಿಕೊಳ್ಳುವ ದಿನವೇ ಕರೆದೊಯ್ಯುವ ಮೂವರ ಫೋಟೊ, ಮೊಬೈಲ್ ನಂಬರ್ ಪಡೆದು ರಿಜಿಸ್ಟರಿಗೆ ಅಂಟಿಸಿ. ಬೇರೆಯವರು ಬಂದರೆ ಅವರು ಕೊಡುವ ನಂಬರಿಗಲ್ಲ, ರಿಜಿಸ್ಟರಿನಲ್ಲಿರುವ ನಂಬರಿಗೇ ಫೋನ್ ಮಾಡಿ. ಮಗು "ಮಾಮ" ಎಂದು ಓಡಿದ್ದು ಗುರುತಲ್ಲ. ಮೂರು ವರ್ಷದ್ದು ಚಾಕೊಲೇಟ್ ಕೊಟ್ಟವರನ್ನೆಲ್ಲ ಮಾಮ ಎನ್ನುತ್ತದೆ.

ಮಂಡ್ಯದ ಕಡೆ ನೀರಿನ ಭಯ ಬೇರೆ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಹಳ್ಳಿಗಳಲ್ಲಿ ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕಬಾರದು. ಸಂಪಿನ ಮುಚ್ಚಳಕ್ಕೆ ಬೀಗ, ಬಳಸಿದ ಬಕೆಟ್ ಬೋರಲು. ಅರ್ಧ ಬಕೆಟ್ ನೀರೂ ಸಾಕು: ಪುಟ್ಟ ಮಗುವಿಗೆ ತಲೆಯೇ ಭಾರ, ಮುಗ್ಗರಿಸಿದರೆ ಏಳಲಾರದು, ಸದ್ದೂ ಆಗುವುದಿಲ್ಲ.

ಮೈಮೇಲೆ ಬಾಸುಂಡೆ ಕಂಡರೆ ದಿನಾಂಕ, ಗಂಟೆ, ಯಾವ ಭಾಗ ಎಂಬುದನ್ನು ಅಂದೇ ಬರೆದಿಡಿ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆಯಿರಿ. "ಉಚ್ಚೆ ಜಾಗ ನೋಯ್ತದೆ" ಎಂದರೆ ಹಾಗೇ. "ಅವನೇ ಮುಟ್ಟಿದ್ನಾ?" ಎಂದು ಕೇಳಬೇಡಿ, ಮಗು ಹೂಂ ಎಂದುಬಿಡುತ್ತದೆ, ಹೇಳಿಕೆಯೇ ಸಡಿಲವಾಗುತ್ತದೆ. "ಆಮೇಲೆ ಏನಾಯ್ತು ಕಂದ?" ಅಷ್ಟು ಸಾಕು.

ಲೈಂಗಿಕ ದೌರ್ಜನ್ಯದ ಶಂಕೆ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮೇಲಿನವರಿಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಊರ ಯಜಮಾನರ ರಾಜಿಯಂತೂ ಬೇಡವೇ ಬೇಡ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇರುತ್ತದೆ. ನಂಬರನ್ನು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ.